ಲಿಂಗತ್ವ ಅಧ್ಯಯನಕ್ಕೆ ಕೆಲಸದ ದಾರಿ

ಮಹಿಳಾ ಅಧ್ಯಯನದಲ್ಲಿ ಎಂ.ಎ. ಮಾಡುತ್ತೇನೆ ಎಂದ ಮಗಳಿಗೆ ಮನೆಯಲ್ಲಿ ಎದುರಾಗುವ ಮೊದಲ ಪ್ರಶ್ನೆ: ‘ಅದನ್ನು ಓದಿ ಏನು ಮಾಡ್ತೀಯಮ್ಮ?’ ಸಾಲ ಮಾಡಿ ಓದಿಸುವವರು ಹಾಗೆ ಕೇಳುವುದು ನ್ಯಾಯವೇ. ಉತ್ತರವೂ ಇದೆ.

ಹತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆಯಲ್ಲೆಲ್ಲ ಲೈಂಗಿಕ ಕಿರುಕುಳದ ದೂರು ವಿಚಾರಿಸಲು ಆಂತರಿಕ ಸಮಿತಿ ಇರಬೇಕೆನ್ನುತ್ತದೆ 2013ರ ಕಾಯ್ದೆ. ಅದರಲ್ಲಿ ಹೊರಗಿನ ಸದಸ್ಯರೊಬ್ಬರು ಕೂರಲೇಬೇಕು. ‘ಅಂದೇ ಏಕೆ ಹೇಳಲಿಲ್ಲ?’ ಎಂದು ದೂರುದಾರಳನ್ನೇ ಅನುಮಾನಿಸುವ ಬದಲು, ಸಂಬಳ, ಬಡ್ತಿ, ಮನೆಯ ಮಾನದ ಭಯ ಅವಳ ಬಾಯಿ ಕಟ್ಟಿದ್ದು ಹೇಗೆಂದು ಅರಿಯಲು ಒಳ್ಳೆಯ ಮನಸ್ಸೊಂದೇ ಸಾಲದು, ಓದು ಬೇಕು.

2021ರಲ್ಲಿ ಕರ್ನಾಟಕವು ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರಷ್ಟು ಮೀಸಲಾತಿ ನೀಡಿತು, ದೇಶದಲ್ಲೇ ಮೊದಲು. ಹಾಗೆ ಕೆಲಸಕ್ಕೆ ಸೇರಿದವರ ದಾಖಲೆಯಲ್ಲಿ ಹೆಸರು ಬದಲಿಸುವುದು, ಶೌಚಾಲಯ ಒದಗಿಸುವುದು, ಪಕ್ಕದ ಮೇಜಿನವರ ಕುಹಕ ತಡೆಯುವುದು ಯಾರ ಕೆಲಸ? ಕಲಿತವರು ಬೇಕಿರುವುದು ಇಲ್ಲಿಯೇ.

ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವೂ ಸೇರಿದಂತೆ ರಾಜ್ಯದ ಹಲವೆಡೆ ಮಹಿಳಾ ಅಧ್ಯಯನ ವಿಭಾಗಗಳಿವೆ. ಲೈಂಗಿಕತೆಯ ಪಾಠ ಅಲ್ಲಿ ಅಂಜುತ್ತ ಒಳಬರಬಾರದು, ಗಂಡುಮಕ್ಕಳೂ ಅದನ್ನು ಓದಬೇಕು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಸಂಬಂಧಿತ ಹುದ್ದೆಗಳಿಗೆ ಈ ಪದವಿಯನ್ನು ಅರ್ಹತೆಯೆಂದು ಸರ್ಕಾರ ಸ್ಪಷ್ಟವಾಗಿ ಹೆಸರಿಸಲಿ.