ಹೆಸರು ಕಂಪೆನಿಯದು, ಕನ್ನಡಿ ಅಂಗಡಿಯದು

ಬೆಂಗಳೂರಿನ ಪುರಭವನದಿಂದ ಮಿನರ್ವ ವೃತ್ತದತ್ತ ಸಾಗುವ ಜೆ.ಸಿ. ರಸ್ತೆಯಲ್ಲಿ ವಾಹನಗಳ ಬಿಡಿಭಾಗದ ಅಂಗಡಿಗಳದೇ ಕಾರುಬಾರು. ಕಾರಿನ ಪಕ್ಕದ ಕನ್ನಡಿ ಒಡೆದುಕೊಂಡವರು, ಬಂಪರ್ ಜಜ್ಜಿಸಿಕೊಂಡವರು, ಸೀಟಿನ ಹೊದಿಕೆ ಹರಿದವರು ಅಲ್ಲಿಗೆ ಎಡತಾಕುತ್ತಾರೆ. ಗಿರಾಕಿ ಕಾರಿನ ಹೆಸರು, ಇಸವಿ ಹೇಳುತ್ತಾನೆ. ‘ಕಂಪೆನೀದು ಕೊಡ್ಲಾ ಸಾರ್, ಲೋಕಲ್ ಸಾಕಾ?’ ಎನ್ನುವುದು ಅಂಗಡಿಯವನ ಮೊದಲ ಪ್ರಶ್ನೆ. ಎರಡೂ ಮೇಜಿನ ಮೇಲೆ ಬರುತ್ತವೆ. ಗಿರಾಕಿ ಹಿಂದೆ ಮುಂದೆ ತಿರುಗಿಸಿ ನೋಡಿ, ತನ್ನ ಜೇಬಿಗೆ ಹೊಂದಿದ್ದನ್ನು ಒಯ್ಯುತ್ತಾನೆ. ಆ ಮಾತುಕತೆಯಲ್ಲಿ ಕಾರಿನ ಹೆಸರು ಹತ್ತು ಸಲ ಬಂದರೂ ಯಾರೂ ಯಾರ ಹೆಸರನ್ನೂ ಕದ್ದಂತಾಗಲಿಲ್ಲ.

ಇದೇ ವ್ಯಾಪಾರ ಇಂಟರ್‌ನೆಟ್‌ಗೆ ಏರಿದಾಗ ಕಥೆ ಬೇರೆಯಾಗುತ್ತದೆ. ಅಂಥ ಒಂದು ಅಂಗಡಿಯನ್ನು ಊಹಿಸಿಕೊಳ್ಳೋಣ. ಗಲ್ಲಾದಲ್ಲಿ ತಂದೆ, ಕಂಪ್ಯೂಟರ್ ಮುಂದೆ ಮಗ. ಸಣ್ಣ ಕಾರ್ಖಾನೆಯೊಂದು ತಯಾರಿಸಿದ ಪಕ್ಕದ ಕನ್ನಡಿಯನ್ನು ಮಗ ದೊಡ್ಡ ಜಾಲತಾಣವೊಂದರಲ್ಲಿ ಮಾರಾಟಕ್ಕೆ ಇಟ್ಟ. ಹುಡುಕುವವರಿಗೆ ಬೇಗ ಸಿಗಲೆಂದು ಶೀರ್ಷಿಕೆಯ ಮೊದಲಿಗೇ ಕಾರು ಕಂಪೆನಿಯ ಹೆಸರು ಹಾಕಿದ. ‘ಬ್ರ್ಯಾಂಡ್’ ಎಂಬ ಕಲಮಿನಲ್ಲೂ ಅದನ್ನೇ ತುಂಬಿದ. ಚಿತ್ರದ ಮೂಲೆಯಲ್ಲಿ ಕಂಪೆನಿಯ ಲಾಂಛನ ಅಂಟಿಸಿದ. ಕೊನೆಗೆ ‘ಒರಿಜಿನಲ್ ಕ್ವಾಲಿಟಿ’ ಎಂದೂ ಸೇರಿಸಿದ. ನಾಲ್ಕು ತಿಂಗಳು ವ್ಯಾಪಾರ ಚೆನ್ನಾಗಿಯೇ ನಡೆಯಿತು. ಒಂದು ಬೆಳಿಗ್ಗೆ ನೋಡಿದರೆ ಸರಕು ಮಾಯ! ಅದರ ಜಾಗದಲ್ಲಿ ಎರಡು ಸಾಲಿನ ಒಕ್ಕಣೆ: ‘ಟ್ರೇಡ್‌ಮಾರ್ಕ್ ಉಲ್ಲಂಘನೆಯ ದೂರು ಬಂದಿದೆ. ನಿಮ್ಮ ಸರಕನ್ನು ತೆಗೆಯಲಾಗಿದೆ.’

ಮಗನಿಗೆ ಸಿಟ್ಟು. ‘ಕಾರಿನ ಹೆಸರು ಹೇಳದೆ ಕಾರಿನ ಕನ್ನಡಿ ಮಾರುವುದು ಹೇಗಪ್ಪಾ?’ ಎಂದು ತಂದೆಯನ್ನು ಕೇಳುತ್ತಾನೆ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಕಾನೂನಿನಲ್ಲಿ ಉತ್ತರವೂ ಇದೆ.

ವಿಭಕ್ತಿಯ ಪಾಠ

ಭಾರತದಲ್ಲಿ ಈ ವಿಷಯಕ್ಕೆ ಸಂಬಂಧಿಸಿದ್ದು 1999ರ ಟ್ರೇಡ್‌ಮಾರ್ಕ್ ಕಾಯ್ದೆ. ಅದು ಜಾರಿಗೆ ಬಂದದ್ದು 2003ರ ಸೆಪ್ಟೆಂಬರ್ 15ರಂದು. ನೋಂದಾಯಿತ ಹೆಸರನ್ನು ಬೇರೆಯವರು ಬಳಸಬಾರದೆಂಬುದು ಅದರ ಮುಖ್ಯ ಸೂತ್ರ. ಆದರೆ ಅದರ 30ನೇ ಸೆಕ್ಷನ್ನು ಕೆಲವು ವಿನಾಯಿತಿಗಳನ್ನು ಹೇಳುತ್ತದೆ. ಅವುಗಳಲ್ಲಿ 30(2)(ಡಿ) ಎಂಬುದು ಜೆ.ಸಿ. ರಸ್ತೆಗೆಂದೇ ಬರೆದಂತಿದೆ. ಇನ್ನೊಂದು ವಸ್ತುವಿನ ಭಾಗವಾಗಿಯೋ ಪರಿಕರವಾಗಿಯೋ ಹೊಂದುವಂತೆ ತಯಾರಾದ ಸರಕಿಗೆ ಆ ವಸ್ತುವಿನ ಟ್ರೇಡ್‌ಮಾರ್ಕ್ ಬಳಸಿದರೆ ಅದು ಉಲ್ಲಂಘನೆಯಲ್ಲ ಎನ್ನುತ್ತದೆ ಆ ಉಪವಿಧಿ. ಷರತ್ತು ಎರಡು. ಸರಕು ಯಾವುದಕ್ಕೆ ಹೊಂದುತ್ತದೆ ಎಂದು ತಿಳಿಸಲು ಆ ಹೆಸರು ಸಕಾರಣವಾಗಿ ಅಗತ್ಯವಿರಬೇಕು. ಮತ್ತು, ಈ ಸರಕಿಗೂ ಆ ಕಂಪೆನಿಗೂ ಇಲ್ಲದ ವ್ಯಾಪಾರ ಸಂಬಂಧವನ್ನು ಇದೆಯೆಂದು ತೋರಿಸುವ ಉದ್ದೇಶವಾಗಲಿ ಪರಿಣಾಮವಾಗಲಿ ಇರಕೂಡದು.

ಶಾಲೆಯಲ್ಲಿ ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ‘ಇನ್ನೋವಾಕ್ಕೆ ಕನ್ನಡಿ’ ಎಂದರೆ ಚತುರ್ಥಿ. ಕನ್ನಡಿ ಯಾವ ಕಾರಿಗೆ ಕೂರುತ್ತದೆ ಎಂಬ ಮಾಹಿತಿ ಅಷ್ಟೆ. ‘ಇನ್ನೋವಾದ ಕನ್ನಡಿ’ ಎಂದರೆ ಷಷ್ಠಿ. ಕನ್ನಡಿ ಆ ಮನೆತನದ್ದೇ ಎಂಬ ಹಕ್ಕಿನ ಮಾತು. ಮೊದಲನೆಯದಕ್ಕೆ ಕಾನೂನಿನ ಅಡ್ಡಿಯಿಲ್ಲ. ಎರಡನೆಯದು ನಿಜವಲ್ಲದಿದ್ದಾಗ ಅಡ್ಡಿಯುಂಟು.

ಇದು ಬರಿಯ ಪುಸ್ತಕದ ಬದನೆಕಾಯಲ್ಲ. ಇನ್ನೋವಾ ಎಂಬ ಹೆಸರೇ ನ್ಯಾಯಾಲಯದ ಮೆಟ್ಟಿಲೇರಿದ್ದುಂಟು. ಆ ಕಾರು ತಯಾರಾಗುವುದು ನಮ್ಮ ಬಿಡದಿಯಲ್ಲಾದರೂ ಮೊಕದ್ದಮೆ ನಡೆದದ್ದು ದೆಹಲಿಯಲ್ಲಿ. ಕಾರುಗಳಿಗೆ ಕ್ರೋಮ್ ಲೇಪದ ಅಲಂಕಾರಿಕ ಭಾಗಗಳನ್ನು ಮಾಡುವ ಪ್ರಿಯಸ್ ಆಟೊ ಇಂಡಸ್ಟ್ರೀಸ್ ಎಂಬ ಸಂಸ್ಥೆಯ ಮೇಲೆ ಜಪಾನಿನ ಟೊಯೊಟಾ ಕಂಪೆನಿ 2009ರಲ್ಲಿ ದಾವೆ ಹೂಡಿತು. ಟೊಯೊಟಾ, ಇನ್ನೋವಾ, ಪ್ರಿಯಸ್ ಎಂಬ ಹೆಸರುಗಳೂ ಲಾಂಛನವೂ ತನ್ನವು ಎಂಬುದು ಅದರ ವಾದ.

‘ಪ್ರಿಯಸ್’ ವಿಷಯದಲ್ಲಿ ಟೊಯೊಟಾ ಸೋತಿತು. ಇಂಥ ಭಾಗಗಳನ್ನು ಮಾಡುವ ‘ಪೆಹಲಾ ಪ್ರಯಾಸ್’, ಅಂದರೆ ಮೊದಲ ಪ್ರಯತ್ನ, ತಮ್ಮದೇ ಆದ್ದರಿಂದ ಆ ಹೆಸರು ಹೊಳೆಯಿತು ಎಂದು ದೆಹಲಿಯವರು ಹೇಳಿದ್ದರು. 1997ರಲ್ಲಿ ಜಪಾನಿನಲ್ಲಿ ಪ್ರಿಯಸ್ ಕಾರು ಬಂದಿತ್ತಾದರೂ, ಇವರು ಹೆಸರಿಟ್ಟುಕೊಂಡ 2001ರ ವೇಳೆಗೆ ಭಾರತದಲ್ಲಿ ಆ ಕಾರಿಗೆ ಸಾಕಷ್ಟು ಖ್ಯಾತಿ ಇತ್ತೆಂದು ಸಾಬೀತಾಗಿಲ್ಲ ಎಂದು ಸುಪ್ರೀಂ ಕೋರ್ಟು 2017ರ ಡಿಸೆಂಬರ್ 14ರಂದು ತೀರ್ಪಿತ್ತಿತು.

ಪತ್ರಿಕೆಗಳಲ್ಲಿ ಸುದ್ದಿಯಾದದ್ದು ಇದು. ಅಂಗಡಿಯವರಿಗೆ ಉಪಯೋಗದ ಪಾಠ ಅದೇ ಮೊಕದ್ದಮೆಯ ಇನ್ನೊಂದು ಮಗ್ಗುಲಲ್ಲಿದೆ. ಟೊಯೊಟಾ, ಇನ್ನೋವಾ ಹೆಸರುಗಳ ಬಗ್ಗೆ ದೆಹಲಿ ಹೈಕೋರ್ಟು ಪೂರ್ತಿ ನಿಷೇಧ ಹಾಕಲಿಲ್ಲ. ಸರಕು ಯಾವ ಕಾರಿಗೆ ಎಂದು ಗುರುತಿಸಲು ಮಾತ್ರ ಆ ಹೆಸರು ಬಳಸಬಹುದು. ಆದರೆ ಟೊಯೊಟಾ ಬರೆಯುವ ಅಕ್ಷರ ವಿನ್ಯಾಸದಲ್ಲೇ ಬರೆಯಕೂಡದು, ಲಾಂಛನ ಹಾಕಕೂಡದು, ಪೊಟ್ಟಣದ ಮೇಲಿದ್ದ ‘ಜೆನ್ಯೂನ್ ಆಕ್ಸೆಸರೀಸ್’ ಎಂಬ ಮಾತು ಹೋಗಿ ಆ ಜಾಗದಲ್ಲಿ ತಯಾರಕರ ಸ್ವಂತ ಹೆಸರು ಬರಬೇಕು. ಎಲ್ಲ ಅಂಗಡಿಯವರೂ ಗೋಡೆಗೆ ಅಂಟಿಸಿಕೊಳ್ಳಬಹುದಾದ ಪಟ್ಟಿ ಇದು.

ಕುಕ್ಕರಿನ ಗ್ಯಾಸ್ಕೆಟ್

‘ಅಗತ್ಯವಿರಬೇಕು’ ಎಂಬ ಮಾತಿನ ತೂಕ ತಿಳಿಯಬೇಕಾದರೆ ಕಾರು ಬಿಟ್ಟು ಅಡುಗೆಮನೆಗೆ ಹೋಗಬೇಕು. ಪ್ರೆಷರ್ ಕುಕ್ಕರಿನ ಗ್ಯಾಸ್ಕೆಟ್ ಮಾರುವವರೊಬ್ಬರು ಪೊಟ್ಟಣದ ಮೇಲೆ ತಮ್ಮ ಬ್ರ್ಯಾಂಡ್ ಹೆಸರಿನೊಂದಿಗೆ ‘ಹಾಕಿನ್ಸ್ ಪ್ರೆಷರ್ ಕುಕ್ಕರ್‌ಗಳಿಗೆ ಸೂಕ್ತ’ ಎಂದು ಮುದ್ರಿಸಿದ್ದರು. ಚತುರ್ಥಿಯೇ ಸರಿ. ಹಾಗಿದ್ದೂ 2008ರಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಅವರ ವಿರುದ್ಧ ತೀರ್ಪಿತ್ತಿತು. ಗ್ಯಾಸ್ಕೆಟ್ ಒಂದೇ ಕಂಪೆನಿಯ ಕುಕ್ಕರಿಗೆಂದು ಆದದ್ದಲ್ಲ. ಅಂದಮೇಲೆ ಒಂದೇ ಹೆಸರನ್ನು ಎದ್ದು ಕಾಣುವಂತೆ ಮೆರೆಸುವ ಅಗತ್ಯವೇನು ಎಂಬುದು ಪೀಠದ ತರ್ಕ.

ಕಾರಿನ ವಿಷಯಕ್ಕೆ ಬಂದರೆ, ಪಕ್ಕದ ಕನ್ನಡಿ ಒಂದು ಮಾದರಿಯದು ಇನ್ನೊಂದಕ್ಕೆ ಕೂರುವುದಿಲ್ಲ. ಅಲ್ಲಿ ಹೆಸರು ಹೇಳದೆ ವಿಧಿಯಿಲ್ಲ. ಆದರೆ ಎಲ್ಲ ಕಾರಿಗೂ ಆಗುವ ಮೊಬೈಲ್ ಹಿಡಿಕೆಗೋ ಸುಗಂಧದ ಡಬ್ಬಿಗೋ ದೊಡ್ಡ ಕಂಪೆನಿಯೊಂದರ ಹೆಸರು ತಗುಲಿಸಿದರೆ ಅದು ಮಾಹಿತಿಯಲ್ಲ, ಪಕ್ಕದವರ ಹೆಸರಿನ ನೆರಳಲ್ಲಿ ನಿಂತಂತೆ.

ಲಾಂಛನದ ಮಾತಂತೂ ಇನ್ನೂ ಸೂಕ್ಷ್ಮ. ಪೋಲೆಂಡಿನ ವ್ಯಾಪಾರಿಯೊಬ್ಬರು 1980-90ರ ದಶಕಗಳ ಹಳೆಯ ಆಡಿ ಕಾರುಗಳಿಗೆ ಹೊಂದುವ ಮುಂಭಾಗದ ಗ್ರಿಲ್ಲುಗಳನ್ನು ತಮ್ಮ ಜಾಲತಾಣದಲ್ಲಿ ಮಾರುತ್ತಿದ್ದರು. ಆಡಿಯ ನಾಲ್ಕು ಬಳೆಗಳ ಲಾಂಛನ ಅವುಗಳ ಮೇಲಿರಲಿಲ್ಲ. ಅದನ್ನು ಕೂರಿಸಲು ಅದೇ ಆಕಾರದ ಅಚ್ಚು ಮಾತ್ರ ಇತ್ತು. ಆಡಿ ಅದಕ್ಕೂ ತಕರಾರು ತೆಗೆಯಿತು. ವಾರ್ಸಾದ ನ್ಯಾಯಾಲಯ ಕೇಳಿದ ಪ್ರಶ್ನೆಗೆ ಐರೋಪ್ಯ ಒಕ್ಕೂಟದ ನ್ಯಾಯಾಲಯ 2024ರ ಜನವರಿ 25ರಂದು ಉತ್ತರ ಕೊಟ್ಟಿತು: ಅಚ್ಚಿನ ಆಕಾರವೇ ಲಾಂಛನದಂತಿದ್ದರೆ ಅಂಥ ಗ್ರಿಲ್ ಮಾರದಂತೆ ಕಂಪೆನಿ ತಡೆಯಬಹುದು. ಆ ತೀರ್ಪು ಭಾರತಕ್ಕೆ ಅನ್ವಯಿಸದು. ಆದರೂ ಲಾಂಛನವಿರುವ ಚಕ್ರದ ಮುಚ್ಚಳ, ಸ್ಟಿಕರು ಮಾರುವವರು ಯೋಚಿಸಬೇಕಾದ ವಿಷಯ. ಅಲ್ಲಿ ಲಾಂಛನ ಸರಕಿನ ವಿವರಣೆಯಲ್ಲ, ಸರಕೇ ಲಾಂಛನ.

ದೂರು ಬಂದಾಗ

ಅಂಗಡಿಯ ಮಗನ ಕಡೆಗೆ ಮರಳೋಣ. ದೂರು ಸರಿಯೋ ತಪ್ಪೋ ಎಂದು ನೋಡದೆ ಜಾಲತಾಣದವರು ಸರಕನ್ನೇಕೆ ಕಿತ್ತು ಹಾಕಿದರು? ಅವರು ಮಧ್ಯವರ್ತಿಗಳು. ಇತರರು ಹಾಕಿದ ವಿಷಯಕ್ಕೆ ತಾವು ಹೊಣೆಯಾಗದಂತೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಸೆಕ್ಷನ್ನು ಅವರಿಗೆ ರಕ್ಷಣೆ ಕೊಡುತ್ತದೆ. ಆದರೆ ಅಕ್ರಮ ತಿಳಿದೂ ಸುಮ್ಮನಿದ್ದರೆ ಆ ರಕ್ಷಣೆ ಕೈಬಿಟ್ಟೀತೆಂಬ ಅಂಜಿಕೆ. ಸಾವಿರಾರು ಸರಕುಗಳ ನಡುವೆ ಒಂದು ಕನ್ನಡಿಗಾಗಿ ವಕೀಲಿಕೆ ಮಾಡುವುದಕ್ಕಿಂತ ತೆಗೆದುಹಾಕುವುದು ಅವರಿಗೆ ಸುಲಭ.

ಸುಮ್ಮನಿರುವುದು ಮಾತ್ರ ಮಾರುವವನಿಗೆ ಒಳ್ಳೆಯದಲ್ಲ. 2020ರ ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ, ಟ್ರೇಡ್‌ಮಾರ್ಕ್ ಮುಂತಾದ ಕಾಯ್ದೆಗಳಡಿ ತೆಗೆಯಲಾದ ಸರಕನ್ನು ಮತ್ತೆ ಮತ್ತೆ ಮಾರಲು ಇಟ್ಟವರ ದಾಖಲೆಯನ್ನು ಜಾಲತಾಣಗಳು ಇಡಬೇಕು. ಅಂಥವರನ್ನು ಹೊರಹಾಕಲೇಬೇಕೆಂದು ನಿಯಮ ಹೇಳುವುದಿಲ್ಲ. ಬೇಕಾದರೆ ಹಾಕಬಹುದು ಎನ್ನುತ್ತದೆ. ಸಿಟ್ಟಿನಲ್ಲಿ ಅದೇ ಸರಕನ್ನು ಬೇರೆ ಹೆಸರಿನಲ್ಲಿ ಮತ್ತೆ ಏರಿಸುವವರು ತಮ್ಮ ಹಗ್ಗವನ್ನು ತಾವೇ ಹೊಸೆದುಕೊಂಡಂತೆ.

ಮೊದಲ ಕೆಲಸ, ದೂರನ್ನು ಪೂರ್ತಿ ಓದುವುದು. ತಕರಾರು ಹೆಸರಿನದೋ, ಆಕಾರದ ವಿನ್ಯಾಸದ್ದೋ, ಚಿತ್ರದ್ದೋ? ಕಂಪೆನಿಯ ಕೈಪಿಡಿಯಿಂದ ಚಿತ್ರ ಎತ್ತಿ ಹಾಕಿದ್ದರೆ ಅದು ಕೃತಿಸ್ವಾಮ್ಯದ ಪ್ರಶ್ನೆ. ಅದಕ್ಕೆ ಮೇಲಿನ ವಿನಾಯಿತಿ ನೆರವಾಗದು. ಸ್ವಂತ ಕ್ಯಾಮರಾದಲ್ಲಿ ತೆಗೆದ ಚಿತ್ರವೇ ಅದಕ್ಕೆ ಮದ್ದು.

ಎರಡನೆಯದು, ತಪ್ಪಿದ್ದನ್ನು ತಿದ್ದುವುದು. ಶೀರ್ಷಿಕೆಯ ಮೊದಲಿಗೆ ತಯಾರಕರ ಹೆಸರು, ಆಮೇಲೆ ವಸ್ತು, ಕೊನೆಗೆ ‘ಇಂಥ ಕಾರಿನ ಇಂಥ ಇಸವಿಯ ಮಾದರಿಗೆ ಹೊಂದುತ್ತದೆ’ ಎಂಬ ಮಾತು. ‘ಬ್ರ್ಯಾಂಡ್’ ಕಲಮಿನಲ್ಲಿ ಕಾರು ಕಂಪೆನಿಯ ಹೆಸರು ತುಂಬುವುದು ಸುಳ್ಳು ಹೇಳಿದಂತೆ. ಲಾಂಛನ ಬೇಡ. ‘ಒರಿಜಿನಲ್’, ‘ಜೆನ್ಯೂನ್’ ಎಂಬ ಮಾತುಗಳಂತೂ ಬೇಡವೇ ಬೇಡ. ‘ಇದು ಕಾರು ಕಂಪೆನಿಯ ತಯಾರಿಕೆಯಲ್ಲ’ ಎಂದು ಒಂದು ಸಾಲು ಬರೆದರೆ ವ್ಯಾಪಾರವೇನೂ ಮುಳುಗುವುದಿಲ್ಲ. ಅಂಗಡಿಯಲ್ಲಿ ತಂದೆ ದಿನವೂ ಬಾಯಲ್ಲಿ ಹೇಳುವುದೂ ಅದನ್ನೇ ತಾನೆ?

ಮೂರನೆಯದು, ಉತ್ತರ ಕೊಡುವುದು. ಬರವಣಿಗೆ ಸರಿಯಾಗಿದ್ದೂ ದೂರು ಬಂದಿದ್ದರೆ 30(2)(ಡಿ) ವಿಧಿಯನ್ನು ಉಲ್ಲೇಖಿಸಿ, ಪೊಟ್ಟಣದ ಚಿತ್ರ ಮತ್ತು ಖರೀದಿಯ ಬಿಲ್ಲುಗಳನ್ನು ಲಗತ್ತಿಸಿ, ಜಾಲತಾಣಕ್ಕೂ ದೂರು ಕೊಟ್ಟವರಿಗೂ ಬರೆಯಬೇಕು. ದಾವೆ ಹೂಡುತ್ತೇವೆಂದು ಆಧಾರವಿಲ್ಲದೆ ಬೆದರಿಸುವವರ ವಿರುದ್ಧ ನ್ಯಾಯಾಲಯಕ್ಕೆ ಹೋಗಲು ಕಾಯ್ದೆಯ 142ನೇ ಸೆಕ್ಷನ್ನು ಅವಕಾಶ ಕೊಟ್ಟಿದೆ. ಬೆದರಿಕೆ ನಿಲ್ಲಿಸುವ ಆಜ್ಞೆಯನ್ನೂ ನಷ್ಟ ಪರಿಹಾರವನ್ನೂ ಕೇಳಬಹುದು. ಆದರೆ ಬೆದರಿಸಿದ ಮಾಲೀಕ ನಿಜವಾಗಿಯೂ ದಾವೆ ಹೂಡಿ ನಡೆಸಿದರೆ ಈ ಅಸ್ತ್ರ ಕೆಲಸಕ್ಕೆ ಬಾರದು. ಹಾಗಾಗಿ ಆ ಹೆಜ್ಜೆಗೆ ಮೊದಲು ವಕೀಲರ ಸಲಹೆ ಬೇಕು.

ಲೋಕಲ್ ಬೇರೆ, ನಕಲಿ ಬೇರೆ

ಕಂಪೆನಿಗಳ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಕಂಪೆನಿಯ ಪೊಟ್ಟಣವನ್ನೇ ಹೋಲುವ ಪೊಟ್ಟಣದಲ್ಲಿ ಕಳಪೆ ಬ್ರೇಕ್ ಪ್ಯಾಡ್ ತುಂಬಿ ಮಾರುವವರಿದ್ದಾರೆ. ಘಾಟಿಯ ಇಳಿಜಾರಿನಲ್ಲಿ ಅದರ ಬೆಲೆ ತೆರುವವನು ಕಾರಿನಲ್ಲಿ ಕುಳಿತವನು. ಇಂಥ ನಕಲಿಗೆ ಕಾಯ್ದೆಯ 103 ಮತ್ತು 104ನೇ ಸೆಕ್ಷನ್ನುಗಳಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ ಎರಡು ಲಕ್ಷ ರೂಪಾಯಿವರೆಗೆ ದಂಡ ಇದೆ. ಅದು ಇರಬೇಕಾದದ್ದೇ.

ಆದರೆ ತನ್ನ ಹೆಸರನ್ನು ತಾನೇ ಹೇಳಿಕೊಂಡು ಮಾರುವ ಸಣ್ಣ ತಯಾರಕನನ್ನು ನಕಲಿಯವನ ಸಾಲಿನಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ಬಿಡಿಭಾಗಗಳು ಕಂಪೆನಿಯ ಬಿಗಿಮುಷ್ಟಿಯಲ್ಲೇ ಇದ್ದರೆ ಏನಾಗುತ್ತದೆ ಎಂಬುದನ್ನು ದೇಶ ನೋಡಿಯಾಗಿದೆ. ಅಸಲಿ ಬಿಡಿಭಾಗಗಳು ಮುಕ್ತ ಮಾರುಕಟ್ಟೆಯಲ್ಲಿ ಸಿಗದಂತೆ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪೆನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಮಿಗಿಲಾದ ದಂಡ ವಿಧಿಸಿತು. ಮುಂದೆ ಮೇಲ್ಮನವಿಗಳಾದವು. ದಂಡದ ಲೆಕ್ಕ ಏನೇ ಇರಲಿ, ಕಾರು ಕೊಂಡವನು ಅದರ ಮೊಳೆಮೊಳೆಗೂ ಒಂದೇ ಬಾಗಿಲು ತಟ್ಟಬೇಕಾಗಬಾರದು ಎಂಬ ವಿಚಾರ ಆಗ ಎಲ್ಲರ ಕಿವಿಗೂ ಬಿತ್ತು.

ಶಿರಸಿಯಲ್ಲೋ ಸಿಂಧನೂರಿನಲ್ಲೋ ಬಾಡಿಗೆ ಕಾರು ಓಡಿಸುವವನಿಗೆ ಟ್ರೇಡ್‌ಮಾರ್ಕಿನ ಗೊಡವೆಯಿಲ್ಲ. ವಾರಂಟಿ ಮುಗಿದ ಕಾರಿನ ಕನ್ನಡಿ ಒಡೆದಿದೆ. ನಾಳೆ ಬೆಳಿಗ್ಗೆ ಬಾಡಿಗೆಗೆ ಹೋಗಬೇಕು. ಅವನಿಗೆ ತಿಳಿಯಬೇಕಾದದ್ದು ಎರಡೇ: ಈ ಕನ್ನಡಿ ತನ್ನ ಕಾರಿಗೆ ಕೂರುತ್ತದೆಯೆ? ಇದನ್ನು ಮಾಡಿದವರು ಯಾರು? ಎರಡಕ್ಕೂ ನಿಜವಾದ ಉತ್ತರ ಬರೆದ ಅಂಗಡಿಯವನ ಕಡೆಗೇ ಕಾನೂನೂ ನಿಂತಿದೆ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವವನಿಗೆ ಮಾತ್ರ ಆ ಎರಡು ಸಾಲಿನ ಒಕ್ಕಣೆಯ ಭಯ.