ಮಾತಿನ ಮರ್ಮ: ‘ಷೋ ಅಪ್’ – ಮಾನ ಕಳೆಯುವವರು ಯಾರು?

ಹೇಮಗಿರಿಯ ಕಡೆಯ ವಾಚಕರೊಬ್ಬರ ಪ್ರಶ್ನೆ ಇದು: “‘ಷೋ ಅಪ್’ ಎಂದರೆ ಬರುವುದು, ಹಾಜರಾಗುವುದು ಎಂದು ಕಲಿತಿದ್ದೇನೆ. ಇಂಗ್ಲಿಷ್ ಕತೆಯೊಂದರಲ್ಲಿ ಮಗನು ತಂದೆಗೆ ‘ಯು ಷೋಡ್ ಮಿ ಅಪ್’ ಎನ್ನುತ್ತಾನೆ. ‘ನನ್ನನ್ನು ಹಾಜರುಪಡಿಸಿದೆ’ ಎಂದರೆ ಸಂದರ್ಭಕ್ಕೆ ಹೊಂದುವುದಿಲ್ಲ. ಸರಿಯಾದ ಅರ್ಥವೇನು?”

ವಾಚಕರು ಕಲಿತದ್ದು ತಪ್ಪಲ್ಲ. ಅದು ಅರ್ಧ ಮಾತ್ರ. ಈ ಕ್ರಿಯಾಪದಕ್ಕೆ ಕರ್ಮವಿಲ್ಲದಿದ್ದರೆ ‘ಬಂದು ಕಾಣಿಸಿಕೊಳ್ಳು’ ಎಂಬ ಅರ್ಥ. ಒಬ್ಬ ವ್ಯಕ್ತಿ ಕರ್ಮವಾಗಿ ಬಂದನೆಂದರೆ ಅರ್ಥವೇ ತಿರುಗಿಬಿಡುತ್ತದೆ: ‘ನಾಲ್ಕು ಜನರೆದುರು ಅವನ ಮಾನ ಕಳೆ’, ‘ಅವನು ತಲೆತಗ್ಗಿಸುವಂತೆ ಮಾಡು’ ಎಂದಾಗುತ್ತದೆ. ಹೇಮಾವತಿಯ ದಂಡೆಯ ಹೇಮಗಿರಿಯ ಜಾತ್ರೆಯನ್ನೇ ನೆನೆಯಿರಿ. ಬರುವರೋ ಇಲ್ಲವೋ ಎಂದುಕೊಂಡಿದ್ದ ಚಿಕ್ಕಪ್ಪನವರು ತೇರಿನ ಹೊತ್ತಿಗೆ ಬಂದೇ ಬಂದರು. ಇದು ಮೊದಲನೆಯ ‘ಷೋ ಅಪ್’. ಬಂದವರು ಸುಮ್ಮನಿರದೆ, ಹೊಸ ಬೀಗರ ಎದುರಿನಲ್ಲಿ ಹಳೆಯ ಸಾಲದ ಮಾತೆತ್ತಿ ಅಣ್ಣನನ್ನು ಹಗುರ ಮಾಡಿದರು. ಇದು ಎರಡನೆಯದು.

ಈ ಎರಡನೆಯ ಅರ್ಥದಲ್ಲಿಯೂ ಒಳಭೇದಗಳುಂಟು. ನಮ್ಮವರೊಬ್ಬರು ಅನುಚಿತವಾಗಿ ನಡೆದುಕೊಂಡು ನಮಗೆ ನಾಚಿಕೆ ತರಬಹುದು. ಇನ್ನೊಬ್ಬನು ನಮಗಿಂತ ಚೆನ್ನಾಗಿ ಕೆಲಸಮಾಡಿ ನಮ್ಮ ಕೊರತೆಯನ್ನು ಎತ್ತಿ ತೋರಿಸಬಹುದು. ಮೋಸಗಾರನ ಬಣ್ಣ ಬಯಲು ಮಾಡುವುದಕ್ಕೂ ಇದೇ ಮಾತು ಸಲ್ಲುತ್ತದೆ. ಬಯಲಿಗೆಳೆಯುವ ಈ ಅರ್ಥವೇ ಇಂಗ್ಲಿಷಿನಲ್ಲಿ ಹಳೆಯದು. ಬಂದು ಸೇರುವ ಅರ್ಥ ಆಮೇಲಿನದು.

ಪ್ರಯೋಗದಲ್ಲಿ ಎರಡು ಎಚ್ಚರಿಕೆಗಳು ಬೇಕು. ಒಂದು: ಕರ್ಮವು ಸರ್ವನಾಮವಾದರೆ ಅದು ನಡುವೆಯೇ ಬರಬೇಕು. ‘ಷೋಡ್ ಮಿ ಅಪ್’ ಸಾಧು. ‘ಷೋಡ್ ಅಪ್ ಮಿ’ ಅಸಾಧು. ಎರಡು: ಇದು ಮನೆಮಾತಿನ ಸಲುಗೆಯ ನುಡಿ, ಅದರಲ್ಲಿಯೂ ಇಂಗ್ಲೆಂಡಿನ ಕಡೆ ಹೆಚ್ಚು ಬಳಕೆಯದು. ಕಚೇರಿಯ ಪತ್ರದಲ್ಲಿ ‘ಎಂಬರಾಸ್’ ಎಂದು ಬರೆಯುವುದೇ ಲೇಸು. ‘ಷೋ ಆಫ್’ ಎಂಬುದರೊಡನೆಯೂ ಇದನ್ನು ಬೆರೆಸಬಾರದು. ಅದು ತನ್ನ ಜಂಭವನ್ನು ತಾನೇ ಮೆರೆಸುವುದು.

‘ತೋರಿಸು’ ಮತ್ತು ‘ಮೇಲೆ’ ಸೇರಿದರೆ ಅವಮಾನ ಹೇಗಾಯಿತು ಎಂದು ಕೆಲವರಿಗೆ ವಿಚಿತ್ರವೆನಿಸೀತು. ನಮ್ಮ ನುಡಿಯಲ್ಲಿಯೂ ಇಂಥ ಚಮತ್ಕಾರಕ್ಕೆ ಬರವಿಲ್ಲ. ‘ಕೈಹಿಡಿ’ ಎಂದರೆ ಆಸರೆ, ‘ಕೈಬಿಡು’ ಎಂದರೆ ತ್ಯಾಗ, ‘ಕೈಕೊಡು’ ಎಂದರೆ ವಂಚನೆ! ಕೈಯನ್ನೂ ಕೊಡುವುದನ್ನೂ ಬಲ್ಲ ಪರಭಾಷೆಯವನು ಇದನ್ನು ಊಹಿಸಬಲ್ಲನೆ? ಇಂಥ ಜೋಡಿನುಡಿಗಳನ್ನು ಬಿಡಿಸಿ ಅರ್ಥ ಮಾಡಲಾಗದು, ಇಡಿಯಾಗಿ ಕಲಿಯಬೇಕು.

ಮುಜುಗರದ ಮಾತುಗಳ ಹುಟ್ಟೂ ಸ್ವಾರಸ್ಯದ್ದು. ‘ಎಂಬರಾಸ್’ ಫ್ರೆಂಚಿನಿಂದ ಬಂದ ಪದ. ಅಡ್ಡಗಟ್ಟುವುದು, ತಡೆಯೊಡ್ಡುವುದು ಅದರ ಹಳೆಯ ಅರ್ಥ. ನಮ್ಮ ‘ಪೇಚು’ ಪಾರಸಿಯ ಮೂಲದ್ದು. ಅಲ್ಲಿ ಅದು ತಿರುಚು, ಸುತ್ತು. ಸಂಸ್ಕೃತದ ‘ಸಂಕೋಚ’ವು ಮುದುಡಿಕೊಳ್ಳುವುದು. ದಾರಿ ಕಟ್ಟಿತು, ದಾರಿ ಸುತ್ತಿಕೊಂಡಿತು, ಜೀವ ಮುದುಡಿತು: ಮೂರು ನಾಡುಗಳು ಒಂದೇ ಅನುಭವವನ್ನು ಮೂರು ಬಗೆಯಾಗಿ ಕಂಡಿವೆ.

ವ್ಯಾಕರಣದಲ್ಲಿ ಗಮನಿಸತಕ್ಕ ಭೇದ ಇನ್ನೊಂದಿದೆ. ಕನ್ನಡದಲ್ಲಿ ‘ನನಗೆ ನಾಚಿಕೆಯಾಯಿತು’ ಎನ್ನುತ್ತೇವೆ. ನಾಚಿಕೆಯು ಮಳೆಯಂತೆ, ಹಸಿವಿನಂತೆ ತಾನಾಗಿ ಬಂದು ತಗುಲುತ್ತದೆ. ಅದನ್ನು ತಂದವನ ಹೆಸರು ವಾಕ್ಯಕ್ಕೆ ಬೇಕಾಗಿಲ್ಲ. ‘ಯು ಷೋಡ್ ಮಿ ಅಪ್’ ಎಂಬಲ್ಲಿಯಾದರೋ ಬೆರಳು ನೇರವಾಗಿ ಎದುರಿನವನ ಕಡೆಗೆ ಚಾಚುತ್ತದೆ. ಆದುದರಿಂದ ಆ ಮಗನ ಮಾತನ್ನು ‘ನನಗೆ ಮುಜುಗರವಾಯಿತು’ ಎಂದು ಅನುವಾದಿಸಿದರೆ ಮೊನಚು ಹೋಗುತ್ತದೆ. ‘ಎಲ್ಲರ ಮುಂದೆ ನನ್ನ ಮಾನ ಕಳೆದೆಯಲ್ಲ’ ಎಂದರೇ ಸರಿ.

ಈ ಮಾತು ನಮ್ಮ ಮನೆಗಳಿಗೆ ಅಪರಿಚಿತವೆ? ಮನೆಗೆ ಅತಿಥಿಗಳು ಬಂದಿರುತ್ತಾರೆ. ಇಂಗ್ಲಿಷ್ ಮಾಧ್ಯಮದ ಮಗುವನ್ನು ಕರೆದು, “ಮಾಮನಿಗೆ ಒಂದು ಪದ್ಯ ಹೇಳು, ಕಂದ” ಎನ್ನುತ್ತೇವೆ. ಮಗು ಎರಡನೆಯ ಸಾಲಿಗೇ ತಡವರಿಸುತ್ತದೆ. ಅತಿಥಿಗಳು ಹೊರಟ ಮೇಲೆ, “ನಮ್ಮ ಮರ್ಯಾದೆ ತೆಗೆದೆ” ಎಂದು ಗದರುತ್ತೇವೆ. ಮಾನ ಕಳೆದವರು ಯಾರು, ಕಳೆದುಕೊಂಡವರು ಯಾರು? ಅದೇ ಮಗು ನಾಲ್ಕು ವರ್ಷ ಕಳೆದ ಮೇಲೆ, ಪಂಚೆಯುಟ್ಟು ಶಾಲೆಯ ಬಾಗಿಲಿಗೆ ಬಂದ ಅಜ್ಜನನ್ನು ಕಂಡು, ಗೆಳೆಯರ ನಡುವೆ ಮುಖ ತಿರುಗಿಸಿದರೆ ನಾವು ನೊಂದುಕೊಳ್ಳುತ್ತೇವೆ. ಅವನಿಗೆ ಆ ಪಾಠ ಹೇಳಿಕೊಟ್ಟವರು ನಾವೇ ಅಲ್ಲವೆ?

ಈ ಮುಜುಗರವನ್ನು ಗೆದ್ದವರ ಊರು ವಾಚಕರಿಗೆ ದೂರವಲ್ಲ. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಮನೆತನದ ಬಿ. ಎಂ. ಶ್ರೀಕಂಠಯ್ಯನವರು ಮೈಸೂರಿನಲ್ಲಿ ಇಂಗ್ಲಿಷ್ ಬೋಧಿಸಿದ ಹೆಸರಾಂತ ಪ್ರಾಧ್ಯಾಪಕರು. ಇಂಗ್ಲಿಷ್ ಕಲಿತವರು ಕನ್ನಡವಾಡಲು ಸಂಕೋಚಪಡುತ್ತಿದ್ದ ಕಾಲದಲ್ಲಿ, 1911ರಲ್ಲಿ, ಅವರು ಧಾರವಾಡದಲ್ಲಿ ಮಾಡಿದ ಭಾಷಣದ ಹೆಸರೇ ‘ಕನ್ನಡ ಮಾತು ತಲೆ ಎತ್ತುವ ಬಗೆ’. ತಲೆ ತಗ್ಗಿಸುವುದಕ್ಕೆ ಇದಕ್ಕಿಂತ ಮಿಗಿಲಾದ ಎದುರುನುಡಿ ಯಾವುದು? ಅವರು ಇಂಗ್ಲಿಷನ್ನು ದೂರವಿಡಲಿಲ್ಲ. ಆ ಭಾಷೆಯ ಕವಿತೆಗಳನ್ನೇ ‘ಇಂಗ್ಲಿಷ್ ಗೀತಗಳು’ ಎಂದು ಕನ್ನಡಕ್ಕೆ ತಂದು, ಹೊಸ ಕಾವ್ಯಕ್ಕೆ ದಾರಿಮಾಡಿದರು. ಒಂದು ಭಾಷೆಯ ಪ್ರೌಢಿಮೆಯು ಇನ್ನೊಂದರ ಕೀಳರಿಮೆಗೆ ಕಾರಣವಾಗಬೇಕಾಗಿಲ್ಲವೆಂದು ತೋರಿಸಿಕೊಟ್ಟರು.

ಪದದ ಅರ್ಥ ಕೇಳುವುದರಲ್ಲಿಯೂ ನಾಚಿಕೆಯಿಲ್ಲ. ಶ್ರೀರಂಗಪಟ್ಟಣದ ನೆರೆಯ ಗಂಜಾಮಿನ ಹೆಸರನ್ನು ತಮ್ಮ ಹೆಸರಿನೊಡನೆ ಹೊತ್ತಿದ್ದ ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು 2021ರಲ್ಲಿ, 107ನೆಯ ವಯಸ್ಸಿನಲ್ಲಿ ತೀರಿಕೊಂಡರು. ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಅವರು ವರ್ಷಗಟ್ಟಲೆ ಮಾಡಿದ್ದು ಓದುಗರ ಇಂಥ ಪ್ರಶ್ನೆಗಳಿಗೆ ಉತ್ತರ ಹೇಳುವ ಕೆಲಸವನ್ನೇ.

ಆದುದರಿಂದ ‘ಷೋ ಅಪ್’ ಎಂಬುದನ್ನು ಮಕ್ಕಳಿಗೆ ಎರಡು ಅರ್ಥಗಳಲ್ಲಿಯೂ ಕಲಿಸೋಣ. ಪ್ರಯೋಗಿಸುವುದು ಮೊದಲನೆಯದನ್ನೇ ಹೆಚ್ಚಾಗಲಿ. ಪಂಚೆಯುಟ್ಟ ಅಜ್ಜ ಶಾಲೆಯ ಬಾಗಿಲಿಗೆ ಬಂದಾಗ, ಅವರು ಬಂದರು ಎಂಬಷ್ಟೇ ಅರ್ಥ ಮೊಮ್ಮಗನಿಗೆ ತೋರಿದರೆ ಸಾಕು.