ಗಡುವು ಉದ್ಯೋಗಾರ್ಥಿಗೆ ಮಾತ್ರವೇ?

ಪೆರ್ಲ ಪರಿಸರದ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕಲಿತು ಬಿ.ಎಡ್. ಪೂರೈಸಿದ ಯುವಜನರ ದೃಷ್ಟಿ ನೆಟ್ಟಿರುವುದು ಕೇರಳ ಲೋಕಸೇವಾ ಆಯೋಗದ ಅಧಿಸೂಚನೆಗಳತ್ತ. ‘ಕನ್ನಡ ಮಾಧ್ಯಮ’ ಎಂದು ನಮೂದಿಸಿದ ಅಧ್ಯಾಪಕ ಹುದ್ದೆಗಳು ಕೆಲವೇ, ಕಾಯುವವರು ಅನೇಕರು.

ಈ ಕಾಯುವಿಕೆಯಲ್ಲಿ ಕಾಲದ ಕಟ್ಟಳೆ ಇಬ್ಬರಿಗೂ ಒಂದೇ ಅಲ್ಲ. ಅರ್ಜಿಯ ಕೊನೆಯ ದಿನ ದಾಟಿದರೆ ಅಭ್ಯರ್ಥಿಯ ಅವಕಾಶ ಮುಗಿಯಿತು. ಅರ್ಜಿ ಸಲ್ಲಿಸಿದ ಬಳಿಕವೂ, ಪರೀಕ್ಷೆ ಬರೆಯುವುದಾಗಿ ತನ್ನ ಪ್ರೊಫೈಲಿನಲ್ಲಿ ನಿಗದಿತ ದಿನದೊಳಗೆ ದೃಢೀಕರಿಸದಿದ್ದರೆ ಅರ್ಜಿ ತಿರಸ್ಕೃತವಾಗುತ್ತದೆ. ಗುಡ್ಡದ ಮಗ್ಗುಲಿನ ಮನೆಯಲ್ಲಿ ಇಂಟರ್‌ನೆಟ್ ಕೈಕೊಟ್ಟಿತೆಂಬ ಸಮಜಾಯಿಷಿಗೆ ಅಲ್ಲಿ ಬೆಲೆಯಿಲ್ಲ. ಆದರೆ ಅಧಿಸೂಚನೆಯಿಂದ ಪರೀಕ್ಷೆಗೆ, ಪರೀಕ್ಷೆಯಿಂದ ರ‍್ಯಾಂಕ್ ಪಟ್ಟಿಗೆ ಕಾಲ ಎಷ್ಟೇ ಉರುಳಿದರೂ ಅಭ್ಯರ್ಥಿಗೆ ಕಾರಣ ತಿಳಿಸುವವರಿಲ್ಲ. ಪಟ್ಟಿಯ ಆಯುಷ್ಯವಾದರೋ ಸಾಮಾನ್ಯವಾಗಿ ಗರಿಷ್ಠ 3 ವರ್ಷ. ಖಾಲಿ ಹುದ್ದೆಯನ್ನು ಆಯೋಗಕ್ಕೆ ವರದಿ ಮಾಡದೆ ದಿನಗೂಲಿ ಅಧ್ಯಾಪಕರಿಂದ ತರಗತಿ ಸಾಗಿಸಿದಷ್ಟು ಕಾಲವೂ ಆ ಆಯುಷ್ಯ ಕರಗುತ್ತಲೇ ಇರುತ್ತದೆ. ಹಾಗೆ ಪಾಠ ಮಾಡುವವರು ಅದೇ ಪಟ್ಟಿಯಲ್ಲಿ ಹೆಸರಿರುವವರೂ ಆಗಿರಬಹುದು!

ಇದಕ್ಕಿಂತ ಕಹಿಯಾದುದು ಇನ್ನೊಂದಿದೆ. ಅಡೂರು ಸರಕಾರಿ ಹೈಯರ್ ಸೆಕೆಂಡರಿ ಶಾಲೆಯ ಕನ್ನಡ ವಿಭಾಗಕ್ಕೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸಿದಾಗ ಹೆತ್ತವರು ಪ್ರತಿಭಟಿಸಬೇಕಾಯಿತು. ಇಂಥ ನೇಮಕಾತಿಗಳಲ್ಲಿ ಮಕ್ಕಳ ನಷ್ಟ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದೇ ಹುದ್ದೆಗೆ ಅರ್ಹತೆಯಿದ್ದೂ ಹೊರಗುಳಿದ ಕನ್ನಡ ಬಲ್ಲ ಅಭ್ಯರ್ಥಿಯ ನಷ್ಟವನ್ನು ಲೆಕ್ಕಕ್ಕೆ ಹಿಡಿಯುವವರಿಲ್ಲ. ತಾನೇ ವಿಧಿಸಿದ ಅರ್ಹತೆಯನ್ನು ತಾನೇ ಸರಿಯಾಗಿ ಪರೀಕ್ಷಿಸದಿರುವುದು ಉದ್ಯೋಗದಾತನು ಅರ್ಜಿದಾರರಿಗೆಲ್ಲ ಮಾಡುವ ಅನ್ಯಾಯ.

ಕಾನೂನು ಅಭ್ಯರ್ಥಿಯನ್ನು ಪೂರ್ತಿ ಕೈಬಿಟ್ಟಿಲ್ಲ, ಪೂರ್ತಿ ಕೈಹಿಡಿದೂ ಇಲ್ಲ. ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ನೇಮಕಾತಿಯ ಹಕ್ಕು ಹುಟ್ಟುವುದಿಲ್ಲವೆಂದು 1991ರಲ್ಲಿ ಶಂಕರ್‌ಸನ್ ದಾಶ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಆದರೆ ಸರಕಾರವು ಮನಬಂದಂತೆ ವರ್ತಿಸಲಾಗದೆಂದೂ ಹೇಳಿತು. ನಿಯಮಗಳಲ್ಲಿ ಅವಕಾಶವಿಲ್ಲದಿದ್ದರೆ ಆಯ್ಕೆಯ ನಡುವೆ ಅರ್ಹತೆಯ ಮಾನದಂಡ ಬದಲಿಸುವಂತಿಲ್ಲವೆಂದು ಐವರು ನ್ಯಾಯಮೂರ್ತಿಗಳ ಪೀಠವು 2024ರ ನವೆಂಬರ್‌ನಲ್ಲಿ ಸ್ಪಷ್ಟಪಡಿಸಿತು. ಕೇರಳ ಲೋಕಸೇವಾ ಆಯೋಗವೇ ಕಕ್ಷಿಯಾಗಿದ್ದ 2016ರ ಪ್ರಕರಣದಲ್ಲಿ, ಅಭ್ಯರ್ಥಿಗೆ ಉತ್ತರಪತ್ರಿಕೆಯ ಪ್ರತಿಯನ್ನು ಕೊಡಬೇಕು, ಮೌಲ್ಯಮಾಪಕರ ಹೆಸರನ್ನು ಕೊಡಬೇಕಿಲ್ಲ ಎಂದು ಅದೇ ನ್ಯಾಯಾಲಯ ನಿರ್ಣಯಿಸಿತು.

ಗಡುವು ಅಧಿಕಾರಿಯ ಮೇಲೂ ಬೀಳುವ ಒಂದು ಸ್ಥಳವೆಂದರೆ 2005ರ ಮಾಹಿತಿ ಹಕ್ಕು ಕಾಯಿದೆ. ಯಾವ ಶಾಲೆಯಲ್ಲಿ ಎಷ್ಟು ಹುದ್ದೆ ಖಾಲಿಯಿದೆ, ಎಂದು ವರದಿಯಾಯಿತು ಎಂದು ಜಿಲ್ಲಾ ಶಿಕ್ಷಣ ಕಚೇರಿಯನ್ನು ಕೇಳಬಹುದು. 30 ದಿನಗಳೊಳಗೆ ಉತ್ತರ ಬರಬೇಕು. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳೊಡನೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸಿ ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ನೀಡಿದೆ. ಅರ್ಜಿಯ ಪ್ರತಿಯನ್ನೂ ಸ್ವೀಕೃತಿ ಚೀಟಿಯನ್ನೂ ಜೋಪಾನವಾಗಿ ತೆಗೆದಿರಿಸಬೇಕು; ಮೂವತ್ತೊಂದನೆಯ ದಿನ ಮೇಲ್ಮನವಿ ಬರೆಯುವಾಗ ಅವೇ ಆಧಾರ.